ನಾಲ್ಕು ಗೋಡೆಗಳ ನಡುವೆ ಸಿಕ್ಕಿಕೊಂಡ ಸರ್ವೆಯರನ ಅಹವಾಲು

ಸರಿದಾಡುವ ಗೋಡೆಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಮನೆಮನೆಗೆ ಮಾರುತ್ತಿರುವ ಆಟಿಕೆ ಕಂಪನಿಯ ಮುಖ್ಯಸ್ಥರಾದ ಮಾನ್ಯರೇ,

ತಾವೂ ತಮ್ಮ ಸಮಸ್ತ ಸಿಬ್ಬಂದಿಯೂ ಕ್ಷೇಮವೆಂದೂ, ಸಂಜೆ ಮನೆಗೆ ಮರಳಿದಾಗ ತಮ್ಮ ಮೇಜು ಬೆಳಿಗ್ಗೆ ಬಿಟ್ಟುಹೋದ ಜಾಗದಲ್ಲೇ ಇರುತ್ತದೆಂದೂ ನಂಬಿದ್ದೇನೆ. ನನ್ನದು ಇರುವುದಿಲ್ಲ. ಅದರ ಕಾರಣವನ್ನು ಸವಿನಯವಾಗಿ ಅರುಹಲು ಈ ಪತ್ರ.

ನಾನು ಇಪ್ಪತ್ತೆರಡು ವರ್ಷಗಳಿಂದ ಜಮೀನು ಅಳೆಯುವ ಸರ್ವೆಯರ್. ನಾನು ನೆಟ್ಟ ಗಡಿಕಲ್ಲನ್ನು ಇವತ್ತಿನವರೆಗೆ ಯಾರೂ ಅಲುಗಿಸಿಲ್ಲ. ಮನೆಯ ಕೆಳಗಡೆ ನಾನು, ಹೆಂಡತಿ, ಮಗಳು. ಮಹಡಿಯ ಮೇಲೆ ನನ್ನ ತಮ್ಮ ಮತ್ತು ಅವನ ಹೆಂಡತಿ. ಈ ಓರಗಿತ್ತಿಯರು ಒಡಹುಟ್ಟಿದ ಅಕ್ಕತಂಗಿಯರೂ ಹೌದು. ಅವರ ತಾಯಿ ತೀರಿಕೊಂಡ ಮೇಲೆ ಆಕೆಯ ಹೊಲಿಗೆ ಯಂತ್ರ ಯಾರಿಗೆಂದು ಮಾತಿಗೆ ಮಾತು ಬೆಳೆದು, ಯಂತ್ರ ಕೆಳಗೂ ಅದರ ಮರದ ಮುಚ್ಚಳ ಮೇಲೂ ಉಳಿದು, ಹದಿನಾಲ್ಕು ತಿಂಗಳು ಇಬ್ಬರ ನಡುವೆ ಮಾತಿರಲಿಲ್ಲ. ನೀರಿನ ಟ್ಯಾಂಕು ತುಂಬಿದೆಯೆಂಬ ಸುದ್ದಿಯನ್ನೂ ನಾನೇ ಮೆಟ್ಟಿಲು ಹತ್ತಿ ಮುಟ್ಟಿಸುತ್ತಿದ್ದೆ. ರಾಜಿ ಮಾಡಿಸಲು ಹೋಗಿ ನಾನೂ ತಮ್ಮನೂ ಸಾಕಷ್ಟು ಬೈಸಿಕೊಂಡಿದ್ದೆವು.

ಹೀಗಿರುವಾಗ ಮಗಳ ಹುಟ್ಟುಹಬ್ಬಕ್ಕೆ ತಮ್ಮ ಕಂಪನಿಯ ನಿಧಿ ಹುಡುಕುವ ಆಟ ಬಂದಿತು: ಹಲಗೆಯ ತುಂಬ ದಾರಿ, ಗೋಡೆ ಬರೆದ ರಟ್ಟಿನ ಚೌಕಗಳ ಸಾಲು, ನಡುನಡುವೆ ನಿಧಿಗಳ ಚಿತ್ರ, ಅವುಗಳತ್ತ ನಡೆಸಲು ತಲಾ ಒಂದು ಕಾಯಿ. ಒಂದು ಬಿಡಿ ಚೌಕವನ್ನು ಈ ತುದಿಯಿಂದ ತಳ್ಳಿದರೆ ಇಡೀ ಸಾಲು ಸರಿದು, ಆ ತುದಿಯಿಂದ ಇನ್ನೊಂದು ಚೌಕ ಉದುರಿ, ಈಗಷ್ಟೇ ದಾರಿಯಾಗಿದ್ದದ್ದು ಗೋಡೆಯಾಗುವ ತಮ್ಮ ಜಾಣ್ಮೆಗೆ ಯಾರಾದರೂ ತಲೆದೂಗಲೇಬೇಕು. ಭಾನುವಾರ ಮಧ್ಯಾಹ್ನ ತಮ್ಮನಿಗೆ ಡ್ಯೂಟಿ ಇದ್ದುದರಿಂದ, ನಾಲ್ಕನೆಯವಳಾಗಿ ಮಗಳು ಚಿಕ್ಕಮ್ಮನನ್ನೇ ಕೈಹಿಡಿದು ಎಳೆತಂದು ಕೂರಿಸಿದಳು.

ವೃತ್ತಿಯ ಬಲದಿಂದ ನಾನು ಐದು ನಿಧಿಗಳನ್ನು ಸರಸರನೆ ಪಡೆದೆ. ಕಿರೀಟವೊಂದು ಬಾಕಿ, ಅದಕ್ಕೂ ದಾರಿ ತೆರೆದಿತ್ತು. ಹೆಂಡತಿ ಬಿಡಿ ಚೌಕ ಹಿಡಿದು ತೋಚದೆ ಕುಳಿತಿದ್ದಳು. ಅಲ್ಲಿಯತನಕ ತುಟಿ ಬಿಚ್ಚದಿದ್ದ ತಂಗಿಗೆ ತಡೆಯಲಾಗಲಿಲ್ಲ.

"ಆ ಸಾಲಲ್ಲ ಅಕ್ಕ, ಪಕ್ಕದ್ದು ತಳ್ಳು."

ಹೆಂಡತಿಯ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ತಲೆ ಎತ್ತದೆಯೇ ಹೇಳಿದಳು: "ನಿಮ್ಮ ಭಾವನ ದಾರಿ ಮುಚ್ಚಿಹೋಗುತ್ತಲ್ಲೇ."

"ಹೋಗ್ಲಿ ಬಿಡು."

ತಳ್ಳಿದಳು. ನಾನು ನಾಲ್ಕು ಗೋಡೆಗಳ ನಡುವೆ ಬಂದಿಯಾದೆ. ಅಕ್ಕತಂಗಿಯರು ಬಿದ್ದುಬಿದ್ದು ನಕ್ಕರು. ಆ ನಗು ಎಲ್ಲೋ ನಡುವೆ ಅಳುವಾಗಿದ್ದು ಗೊತ್ತಾದಾಗ ನಾನೂ ಮಗಳೂ ಚೌಕಗಳನ್ನು ಎಣಿಸುವವರಂತೆ ತಲೆ ತಗ್ಗಿಸಿದೆವು.

ಮರುದಿನ ಮುಚ್ಚಳ ಮೆಟ್ಟಿಲಿಳಿದು ಬಂತು. ಆದರೆ ಮಾನ್ಯರೇ, ಇಬ್ಬರೂ ಹೊಲಿಯಬೇಕೆಂದರೆ ಯಂತ್ರಕ್ಕೆ ಕಿಟಕಿಯ ಬೆಳಕು ಬೇಕೆಂದು ತೀರ್ಮಾನವಾಗಿ, ನನ್ನ ನಕ್ಷೆಯ ಮೇಜು ಮೆಟ್ಟಿಲ ಕೆಳಗಿನ ಮೂಲೆ ಸೇರಿತು. ಬಳಿಕ ಬೀರು ಸರಿಯಿತು, ಬೀರುವಿನ ಹಿಂದೆಯೇ ಮಂಚ. "ಸ್ವಲ್ಪ ಆಚೆ ತಳ್ಳಿ ನೋಡೋಣ್ವಾ" ಎಂಬ ಮಾತು ಕೇಳಿದರೆ ಈಗ ನಾನು ಕುಳಿತ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಏಳು ವಾರಗಳಿಂದ ಪ್ರತಿ ಸಂಜೆ ಆಟ. ಒಮ್ಮೆಯೂ ನಾನು ಗೆದ್ದಿಲ್ಲ.

ಆದ್ದರಿಂದ ಯಾರ ಕೈಗೂ ಜಗ್ಗದ ಒಂದೇ ಒಂದು ಚೌಕವನ್ನು ಸೀಲು ಹಾಕಿ ಕಳುಹಿಸಿಕೊಡಬೇಕಾಗಿಯೂ, ಅಕ್ಕತಂಗಿಯರು ಎದುರುಬದುರು ಕೂರಬಾರದೆಂದು ನಿಯಮಾವಳಿಯನ್ನು ತಿದ್ದಬೇಕಾಗಿಯೂ, ಎರಡೂ ಆಗದಿದ್ದರೆ ನನ್ನ ಅಳತೆಪಟ್ಟಿ ಎಲ್ಲಿದೆಯೆಂದು ದಿನವೂ ಹುಡುಕಿಕೊಡಲು ತಮ್ಮ ಇಂಜಿನಿಯರೊಬ್ಬರನ್ನು ನಿಯೋಜಿಸಬೇಕಾಗಿಯೂ ಕೋರುತ್ತೇನೆ. ಆಟವನ್ನು ವಾಪಸು ಪಡೆಯುವ ಮಾತನ್ನು ಮಾತ್ರ ದಯವಿಟ್ಟು ಎತ್ತಬೇಡಿ.

ಮೆಟ್ಟಿಲಿಗೆ ತಲೆ ತಾಗದಂತೆ ಬಗ್ಗಿ ಬರೆದಿರುವ,
ತಮ್ಮ ವಿಶ್ವಾಸಿ,
ಕೆಳಮನೆಯ ಸರ್ವೆಯರ್

ಮರೆತ ಮಾತು: ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಹೆಂಡತಿ ಮಕ್ಕಳೊಡನೆ ತಂದೆಯೊಬ್ಬ ಬಾಯ್ತುಂಬ ನಗುತ್ತಿದ್ದಾನೆ. ಫೋಟೋ ತೆಗೆದದ್ದು ಆಟ ಶುರುವಾಗುವ ಮೊದಲೆಂದು ಕೆಳಗೆ ಸಣ್ಣಕ್ಷರದಲ್ಲಾದರೂ ನಮೂದಿಸಿದ್ದರೆ ಚೆನ್ನಾಗಿತ್ತು.