ಅಕ್ಕನ ಮೈಗೆ ಬಂದ ದೆವ್ವ

ತನ್ನ ಅಕ್ಕ ಮುತ್ತುಸೆಲ್ವಿ ಮಹಾನಟಿ ಎಂದೇ ಜೆಯಕುಮಾರ್ ಹನ್ನೊಂದು ವರ್ಷ ನಂಬಿದ್ದ. ಬೆಳಿಗ್ಗೆ ಏಳಕ್ಕೆ ಲೋಟ ಹಿಡಿಯಲಾರದ ಬೆರಳು ಮಧ್ಯಾಹ್ನ ಹನ್ನೆರಡಕ್ಕೆ ಬೆಳ್ಳುಳ್ಳಿ ಸುಲಿಯುವುದೆಂದರೇನು? ಡಾಕ್ಟರು ಕೀಲುವಾತ ಎಂದು ಬರೆದುಕೊಟ್ಟಿದ್ದರು. ಜೆಯಕುಮಾರ್ ಅದನ್ನು ಕುರ್ಚಿವಾತ ಎಂದು ತಿದ್ದಿದ್ದ. ಕೂರಲು ಕುರ್ಚಿ, ಊರಲು ಕೋಲು, ಕೈಗೇ ಬರುವ ಕಾಫಿ. ಮಹಾರಾಣಿಯ ಬಾಳು!

ಹಾಗಿರುವಾಗ ಅವನ ದ್ರಾಕ್ಷಿತೋಟಕ್ಕೆ ದೆವ್ವ ಬಂತು. ಕಂಬಂ ಊರ ಕಡೆಯ ದೆವ್ವಕ್ಕೆ ಡ್ಯೂಟಿ ನಡುಮಧ್ಯಾಹ್ನ. ಆ ಹೊತ್ತಿಗೆ ಪಂಪ್‌ಸೆಟ್ ಹತ್ತಿರ ಹೋದ ಆಳು ಬಾಲಮುರುಗನ್ ತೆಂಗಿನಮರದ ತುದಿಗೇರಿ ಎರಡು ಗಂಟೆ ಇಳಿಯಲಿಲ್ಲ. ಮರುಬೆಳಿಗ್ಗೆ ದ್ರಾಕ್ಷಿ ಕೊಯ್ಯುವ ಹೆಂಗಸರ ಮುಂದಾಳು ಕರುಪ್ಪಾಯಿ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿ, "ಪೇಯಿ ಇರೋ ತೋಟಕ್ಕೆ ಕಾಲಿಡಾಕಿಲ್ಲ ಸಾಮಿ" ಎಂದು ತಂಡದೊಂದಿಗೆ ಹೊರಟೇಬಿಟ್ಟಳು. ಚಪ್ಪರದ ತುಂಬ ಹಣ್ಣು ಕಪ್ಪಾಗಿ ತೂಗುತ್ತಿತ್ತು. ನಾಳೆ ಸಂಜೆಗೆ ಕೇರಳದ ಲಾರಿ. ತಪ್ಪಿದರೆ ಇಡೀ ಬೆಳೆ ಕಣಜಗಳ ಪಾಲು!

"ಒಂದು ಪೇಯಿಗೆ ಹೆದರೋದಾ? ನನ್ನ ಮೀಸೆ ಕಂಡರೆ ಕುಮಿಳಿ ಗಡಿ ದಾಟಿ ಓಡ್ತೈತೆ!" ಎಂದು ಜೆಯಕುಮಾರ್ ಹೆಂಡತಿಯ ಮುಂದೆ ಘೋಷಿಸಿದ.

"ಏನ್ರೀ, ಆ ಮೀಸೆ ಕಂಡು ನಮ್ಮನೆ ಬೆಕ್ಕೇ ಅಲ್ಲಾಡಾಕಿಲ್ಲ" ಎಂದಳು ಸರಣ್ಯಾ.

ಹನ್ನೆರಡಕ್ಕೆ ಬಾಗಿಲಿನಿಂದ ತೋಟಕ್ಕೆ ಹೋದ ವೀರ ಒಂದಕ್ಕೆ ಗೋಡೆ ಹಾರಿ ಬಂದ. ಒಂದು ಬುಟ್ಟಿ ದ್ರಾಕ್ಷಿಯನ್ನು ತೊಟ್ಟುಸಮೇತ ತಿಂದು, "ಕೋಳಿ ತಾ!" ಎಂದು ಹೆಣ್ಣುದನಿಯಲ್ಲಿ ಕಿರುಚಿದ. ಸರಣ್ಯಾ ಬೇವಿನಸೊಪ್ಪಿನಲ್ಲಿ ಹೊಡೆಯಲು ಹೋದಳು. ದೆವ್ವ ಸೊಪ್ಪನ್ನೂ ತಿಂದಿತು.

ಮುತ್ತುಸೆಲ್ವಿ ಕುರ್ಚಿಯಿಂದಲೇ ವಿಚಾರಣೆ ಶುರುಮಾಡಿದಳು. "ಏನವ್ವಾ ಬೇಕು ನಿಂಗೆ?"

"ಈ ಮೈ ಬೇಡ. ಹೊಟ್ಟೆ ದೊಡ್ಡದು, ಬಾಯಿ ಇನ್ನೂ ದೊಡ್ಡದು. ಸುಖವಾಗಿರೋ ಮೈ ಬೇಕು!" ದೆವ್ವ ಅವಳನ್ನೇ ದಿಟ್ಟಿಸಿತು. ಜೆಯಕುಮಾರನ ತಲೆಯಲ್ಲಿ ಒಂದು ಗಂಟೆ ವಾಸವಿದ್ದ ಮೇಲೆ ಅವನ ಅಭಿಪ್ರಾಯಗಳೂ ಅಂಟದೆ ಇರುತ್ತವೆಯೇ? "ನಿನ್ನ ಮೈಯೇ ಕೊಡು. ಕುರ್ಚಿ, ಕಾಫಿ..."

"ಬಾ ತಾಯಿ" ಎಂದಳು ಮುತ್ತುಸೆಲ್ವಿ, ನೆಂಟರನ್ನು ಕರೆದಂತೆ. "ಹೋಗುವಾಗ ಮಾತ್ರ ಹಿಡಿ ಕೂದಲು ಕೊಟ್ಟೇ ಹೋಗಬೇಕು." ಆ ಕೂದಲನ್ನು ಊರಾಚೆಯ ಹುಣಸೆಮರಕ್ಕೆ ಮೊಳೆ ಹೊಡೆದರೆ ಮುಗಿಯಿತು, ದೆವ್ವ ಆ ಮರ ಬಿಟ್ಟು ಕದಲುವಂತಿಲ್ಲ.

"ನಾನ್ಯಾಕೆ ಹೋಗಲಿ?" ಎಂದು ನಕ್ಕು ದೆವ್ವ ಮನೆ ಬದಲಾಯಿಸಿತು.

ಮರುದಿನ ಬೆಳಿಗ್ಗೆ ಆರಕ್ಕೆ ಹೆಂಚು ನಡುಗುವ ಕೂಗು. "ಅಯ್ಯೋ! ನನ್ನ ಬೆರಳು ಕಟ್ಟಿದ್ಯಾರು?"

ಅದೇ ಬಾಯಿಂದ ಮುತ್ತುಸೆಲ್ವಿಯ ಸಮಾಧಾನದ ದನಿ: "ಯಾರೂ ಕಟ್ಟಿಲ್ಲ ತಾಯಿ. ದಿನಾ ಹಿಂಗೇಯ. ಮೊದಲು ಎಡಕ್ಕೆ ಹೊರಳು."

"ಮಂಡಿ ಬಗ್ಗಲ್ಲ!"

"ಒಂಬತ್ತಕ್ಕೆ ಬಗ್ಗತೈತೆ. ಮಾತ್ರೆ ನುಂಗು. ಇವತ್ತು ವಾರದ ಮಾತ್ರೆ, ಸಂಜೆ ಹೊಟ್ಟೆ ತೊಳಸ್ತೈತೆ."

ಬಾಲಮುರುಗನನ್ನು ತೆಂಗಿನ ತುದಿಗೇರಿಸಿದ್ದ ದೆವ್ವಕ್ಕೆ ಹಾಸಿಗೆಯಿಂದ ಬಚ್ಚಲು ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಹಲ್ಲುಪುಡಿ ಡಬ್ಬಿಯ ಮುಚ್ಚಳದ ಮುಂದೆ ಗೊಳೋ ಎಂದು ಅತ್ತಿತು. ಅಷ್ಟರಲ್ಲಿ ಪಕ್ಕದ ಮನೆಯ ನಾಗಮ್ಮಾಳ್ ಇಣುಕಿ, "ಮುಖ ಲಕಲಕ ಅಂತೈತೆ, ನಿಂಗೆಂಥ ಕಾಯಿಲೆ? ಮುಡಕತ್ತಾನ್ ಸೊಪ್ಪಿನ ದೋಸೆ ತಿನ್ನು, ಮೂರೇ ದಿವಸ!" ಎಂದಳು. ದೆವ್ವ ಹಲ್ಲು ಕಡಿಯಿತು. ದವಡೆಯೂ ನೋಯಿತು.

ಕೊನೆಗೆ ಜೆಯಕುಮಾರ್ ಆಕಳಿಸುತ್ತ ಬಂದು ಅಭ್ಯಾಸಬಲದಿಂದ ಹೇಳಿದ: "ಅಕ್ಕಾ, ಎದ್ದು ನಾಲ್ಕು ಹೆಜ್ಜೆ ಹಾಕಿದ್ರೆ ಎಲ್ಲ ಸರಿಹೋಗ್ತೈತೆ."

"ಇವನನ್ನ ಹನ್ನೊಂದು ವರ್ಷ ಹೆಂಗೆ ಸುಮ್ಮನೆ ಬಿಟ್ಟೆ?" ದೆವ್ವ ಗುಡುಗಿತು. "ನಾನಾಗಿದ್ರೆ ಕತ್ತು ಹಿಸುಕ್ತಿದ್ದೆ!"

"ಬೆರಳು ಮಡಚಬೇಕಲ್ಲ" ಎಂದಳು ಮುತ್ತುಸೆಲ್ವಿ.

"ಕೂದಲು ತಗೋ! ಕೋಳಿಯೂ ಬೇಡ! ಬಿಟ್ಟುಬಿಡವ್ವಾ!"

ಮೊಳೆಯನ್ನು ಕರುಪ್ಪಾಯಿಯೇ ತನ್ನ ಕೈಯಾರೆ ಹೊಡೆದು, ನೇರವಾಗಿ ತೋಟಕ್ಕಿಳಿದಳು. ಸಂಜೆ ಲಾರಿ ತುಂಬಿ ಹೊರಟಿತು.

ಜೆಯಕುಮಾರ್ ಅಂದು ತಾನೇ ಕಾಫಿ ಬೆರೆಸಿದ. ಅಕ್ಕನ ಎರಡೂ ಅಂಗೈಗೆ ಸಿಗುವ ಅಗಲದ ಲೋಟ ಹುಡುಕಿ ತಂದುಕೊಟ್ಟ. ಮೀಸೆ ಸ್ವಲ್ಪ ಕೆಳಗೆ ಬಾಗಿತ್ತು.

"ಅಕ್ಕಾ, ಪೇಯಿ ಹೋಯ್ತಲ್ಲ, ಅದರ ಜೊತೇಲಿ ನೋವೂ ಹೋಯ್ತಾ?"

ಮುತ್ತುಸೆಲ್ವಿ ಒಂದು ಗುಟುಕು ಕುಡಿದಳು.

"ನೋವು ಹೋಗಲ್ಲ ತಂಬಿ. ಅದಕ್ಕೇ ಪೇಯಿ ಹೋಯ್ತು."