ಇಟಲಿಯ ಟ್ಯೂನು, ಲಕ್ಷ್ಮೇಶ್ವರದ ಕಣ್ಣೀರು

ಓದಿದ ಮಗಳು ಮನೆಗೆ ಬೆಳಕು ಎನ್ನುತ್ತಾರೆ. ಖರೆ. ಆದರೆ ಬೆಳಕು ಬಿದ್ದರೆ ಮೂಲೆಯ ಕಸವೂ ಕಾಣುತ್ತದೆ ಎಂದು ಲಕ್ಷ್ಮೇಶ್ವರದ ಬ್ಯಾಂಡ್ ಮಾಸ್ತರ ಅಯ್ಯೂಬನಿಗೆ ಯಾರೂ ಮುಂಚೆ ಹೇಳಿರಲಿಲ್ಲ.

ಮಗಳು ನೂರೀನ ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದಳು. ಅಪ್ಪನ ಬ್ಯಾಂಡಿನ ಹೆಸರಾಂತ ಟ್ಯೂನು ಎಲ್ಲಿಂದ ಬಂದದ್ದು ಎಂದು ಹುಡುಕಲು ಹೋಗಿ, ಅದನ್ನು ಮೊಬೈಲಿನಲ್ಲಿ ಹಿಡಿದು, ಇಂಟರ್ನೆಟ್ಟು ತೋರಿಸಿದ ಇಟಲಿಯ ಯಾವುದೋ ಊರಿನ ದೊಡ್ಡ ಚರ್ಚಿಗೆ ಕಳಿಸಿಬಿಟ್ಟಿದ್ದಳು. ಉತ್ತರ ಬಂದದ್ದು ಇವತ್ತು ಮುಂಜಾನೆ, ಮುಂಡರಗಿಯ ಮದುವೆಗೆಂದು ಟೆಂಪೋಕ್ಕೆ ಡ್ರಮ್ಮು ಏರಿಸುವ ಹೊತ್ತಿಗೆ.

ಆ ಟ್ಯೂನು ಅಂತಿಂಥದ್ದಲ್ಲ. ಮದುವೆಯ ಕೊನೆಗೆ ಮಗಳನ್ನು ಗಂಡಿನವರಿಗೆ ಒಪ್ಪಿಸಿಕೊಡುವಾಗ ಅಯ್ಯೂಬನ ಬ್ಯಾಂಡು ಅದನ್ನು ಎತ್ತಿತೆಂದರೆ ಮುಗಿಯಿತು, ಸೆರಗು ಒದ್ದೆಯಾಗದ ಹೆಂಗಸು ಮೂರು ತಾಲೂಕಿನಲ್ಲಿ ಇರಲಿಲ್ಲ. ಈಗೇನು, ಎಲ್ಲಿ ನೋಡಿದರೂ ಡಿಜೆ. ಈ ಹಂಗಾಮಿಗೆ ಸಿಕ್ಕ ಮೊದಲ ಮದುವೆ ಇದು. ಅದೂ ಪಕ್ಕದ ಮನೆಯ ದರ್ಜಿ ತಿರಕಪ್ಪ ತನ್ನ ಅಕ್ಕನ ಮಗಳು ಸೀಮಾಳ ಮದುವೆ ಎಂದು ಕೊಡಿಸಿದ್ದು. ಕ್ಲಾರಿನೆಟ್ ನುಡಿಸುವ ರಫೀಕ ಖಡಾಖಡಿ ಹೇಳಿದ್ದ: "ಮಾಸ್ತರ, ಇವತ್ತಿನ ಮದುವ್ಯಾಗ ಇನ್ನೊಂದರೆ ಕೆಲಸ ಸಿಗಲಿಲ್ಲಂದ್ರ, ನಾ ನಾಳಿಂದ ಡಿಜೆ ಹುಡುಗರ ಜೋಡಿ." ರಫೀಕ ಹೋದರೆ ಬ್ಯಾಂಡಿನ ಕೊರಳೇ ಹೋದಂತೆ. ಅಜ್ಜ ಕಟ್ಟಿದ ಬ್ಯಾಂಡು ತನ್ನ ಕೈಯಲ್ಲಿ ಮುಚ್ಚಬಾರದು ಎಂಬುದೊಂದೇ ಅಯ್ಯೂಬನ ಹಂಬಲ.

"ಅಬ್ಬಾ, ನಿಮ್ಮ ಟ್ಯೂನ್ ಬರದಾವ ಸಿಕ್ಕ!" ನೂರೀನ ಓಡಿ ಬಂದಳು. "ಎತ್ತೋರೆ ವಲ್ಪಿಯಾನಿ ಅಂತ, ನೂರಿಪ್ಪತ್ತು ವರ್ಷದ ಹಿಂದಿನಾವ. ಬಡಗ್ಯಾನ ಮಗ. ಹನ್ನೆರಡು ವರ್ಷದಾಂವ ಚರ್ಚಿನ ಆರ್ಗನ್ ಮುಂದ ಕುಂತಾವ, ನಲವತ್ತೊಂದು ವರ್ಷ ಏಳಲಿಲ್ಲಂತ!"

"ಆರ್ಗನ್ ಅಂದ್ರೇನು ತಂಗಿ?" ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ತಿರಕಪ್ಪ ಬಂದ.

"ನಾಟಕದಾಗ ಕಾಲಪೆಟಗಿ ಬಾರಸ್ತಾರಲ್ಲ ಕಾಕಾ, ಅದರ ಮುತ್ತಜ್ಜ ಅಂತ ತಿಳೀರಿ. ಗ್ವಾಡಿಯಷ್ಟು ದೊಡ್ಡದು, ಸಾವಿರಾರು ಕೊಳವಿ. ಮುನ್ನೂರು ಕೃತಿ ಬರದಾನಂತ. ಗುಡ್ಯಾಗ ನಾಟಕದ ಧಾಟಿ ಬಾರಸ್ತಿ ಅಂತ ಬಿಷಪ್ಪರು ಬೈತಿದ್ರಂತ. ಮದುವಿಗೆ ಬಾರಸಾಕ ಕರದರ ಊಟಕ್ಕ ಕಡೀ ಪಂಕ್ತ್ಯಾಗ ಕುಂಡ್ರಸ್ತಿದ್ರು ಅಂತ ತಮ್ಮಗ ಕಾಗದ ಬರದಾನ."

ಅಯ್ಯೂಬನ ಕಣ್ಣು ತುಂಬಿ ಬಂದವು. "ಯಾ ಅಲ್ಲಾ! ಇಟಲಿಯೊಳಗೂ ಕಡೀ ಪಂಕ್ತೀನ? ಹಂಗಾರ ಅಂವ ನಮ್ಮಾವನ ಬಿಡು!"

ಮುಂದಿನ ಸಾಲು ಓದಿದ ನೂರೀನ ಮೊಬೈಲು ಕೆಳಗಿಳಿಸಿದಳು. "ಇರ್ಲಿ ಬಿಡ್ರಿ ಅಬ್ಬಾ, ಟೆಂಪೋಕ್ಕ ಹೊತ್ತಾತು."

"ಏ, ಅರ್ಧಾ ಓದಿ ಬಿಟ್ಟರ ಹೆಂಗ? ಉಣ್ಣೂಮುಂದ ತಾಟು ಕಸಗೊಂಡಂಗಾತು. ಓದವಾ," ಎಂದ ತಿರಕಪ್ಪ.

"ಈ ಧಾಟಿ... ಅವನ ತಾಯಿ ತೀರಿಕೊಂಡಾಗ ಬರದದ್ದಂತ. ಚರ್ಚಿನಾಗ ಹೆಣದ ಪೆಟಗಿ ಎತ್ತೂ ಹೊತ್ತಿಗೆ ಬಾರಸೂದು."

ಹಿಡಿದಿದ್ದವನ ಕೈಯಿಂದ ಡ್ರಮ್ಮು ಜಾರಿ ಧಡಾರ್ ಎಂದಿತು.

ಅಯ್ಯೂಬನಿಗೆ ಆಗ ಎಲ್ಲ ಹೊಳೆಯಿತು. ಅಜ್ಜ ಕರೀಮಸಾಬ ಹರೆಯದಲ್ಲಿ ಹುಬ್ಬಳ್ಳಿಗೆ ಹೋದಾಗ ಒಂದು ಚರ್ಚಿನ ಕಿಟಕಿಯಿಂದ ಇದನ್ನು ಕೇಳಿ ಕಲಿತಿದ್ದ. ಒಳಗೆ ಎಲ್ಲರೂ ಒಳ್ಳೆಯ ಬಟ್ಟೆ ಹಾಕಿದ್ದರು, ಕೈಯಲ್ಲಿ ಹೂವು, ಹೆಂಗಸರು ಬಿಕ್ಕುತ್ತಿದ್ದರು, ನಡುವೆ ಹೂವು ಹೊದಿಸಿದ ಉದ್ದನೆಯ ಪೆಟ್ಟಿಗೆ. ಮಗಳನ್ನು ಒಪ್ಪಿಸುತ್ತಿದ್ದಾರೆ, ಪೆಟ್ಟಿಗೆಯಲ್ಲಿ ಅವಳ ಸೀರೆ ಕುಬಸ ಇರಬೇಕು ಎಂದು ಪುಣ್ಯಾತ್ಮ ತಿಳಿದ. ನಮ್ಮ ಕಡೆ ಹೂವು ಮುಡಿದು ಅಳುವುದು ಇನ್ನಾವಾಗ? ಅವನದೂ ತಪ್ಪಲ್ಲ.

ತಿರಕಪ್ಪ ಎದೆ ಬಡಿದುಕೊಂಡ. "ಅದಕ್ಕಽ! ಇಪ್ಪತ್ತೆರಡು ವರ್ಷ ಆತು ನಾ ಮನ್ಯಾಗ ಬಾಯಿ ತಗದು! ಅವತ್ತು ನನ್ನ ಮದುವ್ಯಾಗ ನೀವು ಎತ್ತಿದ್ದು ನನ್ನ ಹೆಣಾನೋ ಅಯ್ಯೂಬಣ್ಣ!"

ಈ ಕೂಗಿಗೆ ಓಣಿಯೇ ನೆರೆಯಿತು. ಕೆಟ್ಟ ಸಂಸಾರಕ್ಕೆಲ್ಲ ಈಗ ಒಂದು ಕಾರಣ ಸಿಕ್ಕಿತ್ತು. ಗಂಡನ ಕುಡಿತಕ್ಕೂ ಟ್ಯೂನೇ ಕಾರಣ, ಮಗ ಎಸ್ಸೆಸ್ಸೆಲ್ಸಿ ಫೇಲಾದದ್ದಕ್ಕೂ ಅದೇ. ಎದುರು ಮನೆಯ ಭಾಗ್ಯಾಳ ತಕರಾರು ಮಾತ್ರ ಬೇರೆ: "ಹೆಣಾ ಎತ್ತೂ ಹಾಡು ಊದಿ ನನ್ನ ಕಳಿಸಿದ್ರಿ. ಹೋದ ಮನ್ಯಾಗ ಒಂದರೆ ಹೆಣಾ ಎದ್ದೈತೇನ? ಅತ್ತಿಗೆ ಎಂಬತ್ತೆಂಟು, ಇನ್ನೂ ರೊಟ್ಟಿ ದಪ್ಪ ಆತು ಅಂತಾಳ!"

ಅಂತೂ ಟೆಂಪೋ ಹೊರಟಿತು. ಕೆಲಸ ಬರೆದುಕೊಳ್ಳುವ ಡೈರಿ ಹಿಡಿದು ನೂರೀನಳೂ ಹತ್ತಿದಳು. ತಿರಕಪ್ಪ ಮುಂದಿನ ಸೀಟಿನಲ್ಲಿ ಕುಳಿತು ಮೊಬೈಲು ಕಿವಿಯಿಂದ ಇಳಿಸಲಿಲ್ಲ. ಶಿರಹಟ್ಟಿ ದಾಟುವುದರೊಳಗೆ ಖಬರು ಮುಂಡರಗಿಗೆ ಮುಟ್ಟಿತ್ತು.

ಕಲ್ಯಾಣ ಮಂಟಪದ ಬಾಗಿಲಲ್ಲೇ ಗಂಡಿನ ಕಡೆಯವರು ತಡೆದರು. ಹೆಣ್ಣಿನವರು ಡಿಜೆ ಬೇಡವೆಂದದ್ದಕ್ಕೆ ಮೊದಲೇ ಅವರಿಗೆ ಸಿಟ್ಟಿತ್ತು. "ಒಳಗ ಬರಬ್ಯಾಡ್ರಿ. ಗೇಟಿನಾಚಿ ನಿಂತು ಬಾರಸ್ರಿ."

ಏಳು ಜನ ಬಿಸಿಲಲ್ಲಿ ರಸ್ತೆಯ ಮೇಲೆ ನಿಂತು ಸಿನಿಮಾ ಹಾಡು ಊದಿದರು. ಗದಗಿಗೆ ಹೊರಟ ಬಸ್ಸಿನ ಕಂಡಕ್ಟರು ತಲೆ ಹೊರಗೆ ಹಾಕಿ, "ಯಾವ ಪಕ್ಷದ್ದರಿ ಇದು?" ಎಂದು ಕೇಳಿದ. ರಫೀಕ ಕ್ಲಾರಿನೆಟ್ಟನ್ನು ಬಾಯಿಂದ ತೆಗೆದು, "ನಾಳಿಂದ ನಾ ಡಿಜೆ ಪಕ್ಷ," ಎಂದ. ಅಯ್ಯೂಬ ಮುಂದಿನ ಹಾಡು ಎತ್ತಿದ.

ಅಕ್ಷತೆ ಬಿತ್ತು, ಊಟವಾಯಿತು. ಮಗಳನ್ನು ಒಪ್ಪಿಸುವ ಹೊತ್ತು ಬಂತು. ತಿರಕಪ್ಪ ಓಡಿ ಬಂದು ಬ್ಯಾಂಡನ್ನು ಒಳಗೆ ಕರೆದ. "ಬರ್ರಿ, ಆದರ ಆ ಟ್ಯೂನ್ ಎತ್ತೀರಿ ಜೋಕಿ! ನಗೂವಂಥಾದ್ದು ಏನರೆ ಬಾರಸ್ರಿ."

ನಗುವಂಥದ್ದನ್ನೇ ಬಾರಿಸಿದರು. ಸೀಮಾಳ ಕೈಯನ್ನು ಅತ್ತೆಯ ಕೈಯಲ್ಲಿಡಲು ಹೋದ ತಾಯಿ ಹನಮಂತವ್ವನ ಕಾಲು ತಾಳಕ್ಕೆ ತಾನೇ ಕುಣಿಯತೊಡಗಿತು. ಸೀಮಾ ಕಿಸಕ್ಕನೆ ನಕ್ಕಳು. ಗಂಡಿನ ಕಡೆಯ ಹೆಂಗಸರು ಮುಖ ಮುಖ ನೋಡಿಕೊಂಡರು.

"ಒಬ್ಬರ ಕಣ್ಣಾಗೂ ನೀರಿಲ್ಲ. ಮಗಳನ್ನ ಒಪ್ಪಿಸಾಕತ್ತಾರೋ, ಪೀಡಾ ದಾಟಸಾಕತ್ತಾರೋ?" ಎಂದಿತು ಒಂದು ದನಿ.

ಹನಮಂತವ್ವನ ಮುಖ ಕಪ್ಪಿಟ್ಟಿತು. ಅಳಬೇಕೆಂದು ನೋಡಿದಳು, ಬರಲಿಲ್ಲ. ಡ್ರಮ್ಮು ಧಿಂತಾಕ ಎನ್ನುತ್ತಿದ್ದರೆ ಯಾವ ತಾಯಿಗೆ ಅಳು ಬಂದೀತು? ಅವಳು ಸರ್ರನೆ ತಿರುಗಿದಳು. "ಅಯ್ಯೂಬಣ್ಣ, ನಿಲ್ಲಸ್ರಿ ಇದನ್ನ. ನಮ್ಮ ಟ್ಯೂನ್ ಊದ್ರಿ."

"ಅಕ್ಕಾ, ಅದು ಹೆಣದ ಹಾಡು!" ತಿರಕಪ್ಪ ಅಡ್ಡ ಬಂದ.

"ತಿರಕಾ, ಬಾಯಿ ಮುಚ್ಚು. ಇಪ್ಪತ್ತನಾಕು ವರ್ಷ ನನ್ನ ಸೆರಗ ಹಿಡದು ಅಡ್ಡ್ಯಾಡಿದ ಕೂಸು ಹೊಂಟೈತಿ. ನಾಳೆ ಎದ್ದು ಯಾರನ್ನ ಬೈಲಿ ನಾ? ಜೀವ ಹೋದಂಗ ಆಗೈತಿ ನನಗ. ಅವ್ವನ್ನ ಕಳಕೊಂಡಾವ ಬರದ ಹಾಡಲ್ಲೇನು? ನನಗ ಅದಽ ಬೇಕು. ಊದ್ರಿ!"

ಅಯ್ಯೂಬ ಕಣ್ಣು ಮುಚ್ಚಿ ತುತೂರಿ ಎತ್ತಿದ. ಎಲ್ಲೋ ಒಂದು ಊರಲ್ಲಿ, ಗೋಡೆಯಷ್ಟು ದೊಡ್ಡ ಪೆಟ್ಟಿಗೆಯ ಮುಂದೆ ಒಬ್ಬನೇ ಕುಳಿತು ತಾಯಿಗಾಗಿ ಬಾರಿಸಿದವನನ್ನು ನೆನೆದು ಊದಿದ. ರಫೀಕನ ಕ್ಲಾರಿನೆಟ್ಟು ಜೊತೆಗೂಡಿತು. ಎರಡನೇ ಸಾಲಿಗೆ ಹನಮಂತವ್ವ ಮಗಳನ್ನು ಬಾಚಿ ತಬ್ಬಿ ಹೋ ಎಂದು ಅತ್ತಳು. ಮೂರನೆಯದಕ್ಕೆ ಗಂಡಿನ ಕಡೆಯವರ ಕಟ್ಟೆಯೂ ಒಡೆಯಿತು. ತಿರಕಪ್ಪ ಕಂಬ ಹಿಡಿದು ಅತ್ತ. ಮದುಮಗ ಲೋಹಿತ ಎಷ್ಟು ಅತ್ತನೆಂದರೆ, ಸೀಮಾ ತನ್ನ ಅಳು ಬಿಟ್ಟು ಅವನ ಕಣ್ಣು ಒರೆಸಬೇಕಾಯಿತು.

ಟ್ಯೂನು ಮುಗಿದಾಗ ಲೋಹಿತನ ಮುತ್ತಜ್ಜಿ, ತೊಂಬತ್ತೊಂದು ವರ್ಷದ ಗದಿಗೆವ್ವ, ಕೋಲೆತ್ತಿ ಅಯ್ಯೂಬನನ್ನು ಕರೆದಳು. ಅಯ್ಯೂಬನ ಎದೆ ಹಿಗ್ಗಿತು. ದೊಡ್ಡ ಮನೆತನ, ಮದುವೆಯ ವಯಸ್ಸಿಗೆ ಬಂದ ಮಕ್ಕಳು ರಗಡ. "ನೂರೀನಾ, ಡೈರಿ ತಗಿ!"

"ಇದು ಹೆಣಕ್ಕ ಬಾರಸೂ ಹಾಡಂತಲ್ಲ, ಖರೇನಪಾ?"

ಸುಳ್ಳು ಹೇಳಲು ಅಯ್ಯೂಬನಿಗೆ ನಾಲಿಗೆ ಹೊರಳಲಿಲ್ಲ. "ಖರೇರಿ ಯವ್ವಾ."

"ಹಂಗಾರ ನಂದೊಂದು ಬರಕೋ."

"ಏನ್ರಿ?"

"ನಾ ಹೋಗೂಮುಂದ ಇದನ್ನ ಊದಬೇಕು. ನಮ್ಮ ಮನ್ಯಾಗಿನವು ಕಲ್ಲ ಅದಾವ, ಒಂದು ಹನಿ ಹಾಕೂವಲ್ಲ ಅಂತ ನನಗ ಚಿಂತಿ ಇತ್ತು. ಇವತ್ತು ನೋಡು, ಹೆಂಗ ಅತ್ತಾವ!"

"ತಾರೀಖು ಯಾವುದು ಬರೀಲಿರಿ ಅಮ್ಮಾ?" ಎಂದು ರೂಢಿಯಂತೆ ಕೇಳಿದ ನೂರೀನ ನಾಲಿಗೆ ಕಚ್ಚಿಕೊಂಡಳು.

"ತಾರೀಖು ಮ್ಯಾಲಿನಾವ ಹೇಳತಾನ, ನೀ ಹೆಸರ ಬರಿ!"

ಅಷ್ಟೇ ತಡ, ಮಂಟಪದ ಮುದುಕ ಮುದುಕಿಯರೆಲ್ಲ ಪಾಳಿ ಹಚ್ಚಿದರು. ನಂದೂ ಬರಿ, ನನಗ ಎರಡ ಸಲ ಊದಬೇಕು, ನನ್ನ ಹಿರೇ ಸೊಸಿ ಅಳೂತನಕ ನಿಲ್ಲಸಬ್ಯಾಡ. ಹದಿನೇಳು ಹೆಸರಾದವು. ಮದುವೆಯ ಕೆಲಸ ಮಾತ್ರ ಒಂದೂ ಇಲ್ಲ. ಅದಕ್ಕೆ ಎಲ್ಲರ ಮನೆಯಲ್ಲೂ ಡಿಜೆ ಹೇಳಿ ಆಗಿತ್ತು.

"ಒಂದರೆ ಸಿಗಬೇಕು ಅಂದಿದ್ದಿ, ಹದಿನೇಳು ಸಿಕ್ಕಾವ ನೋಡು!" ಅಯ್ಯೂಬ ರಫೀಕನ ಭುಜ ತಟ್ಟಿದ.

"ಯಾವಾಗ ಮಾಸ್ತರ?"

ಅಯ್ಯೂಬನ ಕೈ ತಾನಾಗಿ ಮೇಲೆದ್ದಿತು. "ಅಲ್ಲಾ ಎಲ್ಲಾರಿಗೂ ನೂರು ವರ್ಷ ಆಯುಷ್ಯ ಕೊಡ್ಲಿ."

ರಫೀಕ ಹಣೆ ಹಣೆ ಚಚ್ಚಿಕೊಂಡ. ಆಮೇಲೆ ಯಾಕೋ ನಕ್ಕುಬಿಟ್ಟ. "ಮಾತು ಕೊಟ್ಟ ಮ್ಯಾಲ ಏನ ಮಾಡೂದು. ಇದ್ದೇನಿ ಬಿಡ್ರಿ," ಎಂದ.

ಅಷ್ಟರಲ್ಲಿ ಗದಿಗೆವ್ವ ಕೋಲು ಬಗಲಲ್ಲಿ ಸಿಕ್ಕಿಸಿ, ಯಾರ ಕೈಯೂ ಹಿಡಿಯದೆ ಪಟಪಟನೆ ಮೆಟ್ಟಿಲಿಳಿದು, ಮದುಮಕ್ಕಳ ಕಾರಿನ ಮುಂದಿನ ಸೀಟು ಹಿಡಿದಿದ್ದಳು. ಗಾಜು ಇಳಿಸಿ ಕೂಗಿದಳು:

"ಅಯ್ಯೂಬಾ, ಈ ಲೋಹಿತನ ಮಗನ ಮದುವಿ ನೋಡೇ ನಾ ಹೋಗಾಕಿ! ಅಲ್ಲೀಮಟಾ ತುತೂರಿ ತಿಕ್ಕಿ ತಯಾರ ಇಟ್ಟಿರು!"