ಅಜ್ಜಿಯ ವಶದಲ್ಲಿದ್ದ ಪದ

ಕಚೇರಿಯ ಸ್ವತ್ತಾದ ಒಂದು ಉನ್ನತ ಇಂಗ್ಲಿಷ್ ಪದ ಹನ್ನೆರಡು ವರ್ಷಗಳಿಂದ ಅಜ್ಜಿಯ ವಶದಲ್ಲಿದೆ ಎಂಬುದು ದಾಖಲೆಗಳಿಂದ ದೃಢಪಟ್ಟಿದೆ. ಅದನ್ನು ಹಿಂದಿರುಗಿಸಲು ಅಜ್ಜಿಯ ತಕರಾರೇನೂ ಇರಲಿಲ್ಲ. ನೆನಪಾಗುತ್ತಿರಲಿಲ್ಲ, ಅಷ್ಟೇ.

“ಪಾರ್... ಪಾರ್ಲಿ... ಥೂ, ಅಲ್ಲ. ನಾಲಿಗೆ ತುದೀಲೇ ಕೂತಿದೆ, ಇಳೀತಾ ಇಲ್ಲ.”

“ಅರ್ಥ ಹೇಳಜ್ಜಿ, ಫೋನಲ್ಲಿ ಹುಡುಕ್ತೀನಿ,” ಎಂದಳು ಮೊಮ್ಮಗಳು.

“ಅರ್ಥ ಹೆರಿಗೆ. ಆದ್ರೆ ಫೋನಿಂದು ಬೇಡ ಕಣೆ, ಅದು ಫೋನಿನ ಪದ. ನನ್ನ ಹೆಸರಲ್ಲಿ ಕೊಟ್ಟಿದ್ದನ್ನೇ ವಾಪಸ್ ಮಾಡಬೇಕು.”

ಆ ಪದ ಪಡೆದಾಗ ಅವಳಿನ್ನೂ ಅಜ್ಜಿಯಾಗಿರಲಿಲ್ಲ. ಇಲ್ಲಿಂದ ರೈಲಿನಲ್ಲಿ ಎರಡು ದಿನ ದೂರದ ತನ್ನ ಹುಟ್ಟೂರಿನಲ್ಲಿ, ನೀರು ಸರಬರಾಜು ಕಚೇರಿಯ ಟಪಾಲು ಗುಮಾಸ್ತೆ. ಬಾಗಿಲ ಪಕ್ಕದ ಕುಂಟು ಮೇಜಿನ ಕಾಲಿಗೆ ರಟ್ಟು ಮಡಿಸಿ ಕೊಟ್ಟು, ಗೋಂದಿನ ಬಾಟಲಿ ಮುಂದಿಟ್ಟುಕೊಂಡು ಕೂರುತ್ತಿದ್ದ ಅವಳನ್ನು ಎಲ್ಲರೂ ಟಪಾಲಕ್ಕ ಎನ್ನುತ್ತಿದ್ದರು.

ಆ ವರ್ಷ ಸಾಹೇಬರು ಮೂರು ದಿನದ ತರಬೇತಿಗೆ ಹೋಗಿ ಬಂದರು. ಅಲ್ಲಿ ಬೇರೆ ಕಚೇರಿಗಳ ಸಾಹೇಬರೆಲ್ಲ ಒಬ್ಬರಿಗೊಬ್ಬರು ಅರ್ಥವಾಗದಂಥ ಇಂಗ್ಲಿಷ್ ಮಾತಾಡಿದರಂತೆ. ಮರುದಿನವೇ ಸುತ್ತೋಲೆ ಹೊರಟಿತು:

“ಕಚೇರಿಯ ಇಂಗ್ಲಿಷ್ ಪದಸಂಪತ್ತನ್ನು ಉನ್ನತೀಕರಿಸುವ ಸಲುವಾಗಿ, ಸಿಬ್ಬಂದಿ ಬಳಸುತ್ತಿರುವ ಎಲ್ಲ ಸಾಮಾನ್ಯ ಪದಗಳನ್ನು ಈ ದಿನದಿಂದ ಹಿಂಪಡೆಯಲಾಗಿದೆ. ಉನ್ನತ ಪದಗಳನ್ನು ಬೇಡಿಕೆ ಚೀಟಿ ಕೊಟ್ಟು ಉಗ್ರಾಣದಿಂದ ಪಡೆಯತಕ್ಕದ್ದು. ಒಂದು ಪದ ಒಂದು ಕಾಲಕ್ಕೆ ಒಬ್ಬರಿಗೆ ಮಾತ್ರ. ಕೆಲಸ ಮುಗಿದ ಏಳು ದಿನದೊಳಗೆ ಸುಸ್ಥಿತಿಯಲ್ಲಿ ಹಿಂದಿರುಗಿಸತಕ್ಕದ್ದು.”

ಇದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ. ಸ್ಟೇಪ್ಲರಿಗೂ ಇದೇ ನಿಯಮವಿತ್ತು. ಉಗ್ರಾಣಿ ನಿಘಂಟನ್ನು ಬೀರುವಿಗೆ ಹಾಕಿ ಬೀಗ ಜಡಿದು, ಒಂದೊಂದೇ ಪದವನ್ನು ಚೀಟಿಯಲ್ಲಿ ಬರೆದು ಹಂಚಿದ. ಜೀಪಿನ ಚಾಲಕನಿಗೆ ‘ಮೆಟಮಾರ್ಫಸಿಸ್’, ಅಂದರೆ ರೂಪಾಂತರ, ಸಿಕ್ಕಿತು. ಟೈರು ಬದಲಾಯಿಸಿದಾಗಲೆಲ್ಲ ಅದನ್ನೇ ಬರೆದು ಸಾಹೇಬರಿಂದ ಶಹಬ್ಬಾಸ್ ಎನಿಸಿಕೊಂಡ.

ಅಷ್ಟರಲ್ಲಿ ಟಪಾಲಕ್ಕನ ಮಗಳು ದೂರದೂರಿನಿಂದ ಫೋನು ಮಾಡಿದಳು. ಚೊಚ್ಚಲ ಹೆರಿಗೆ, ಡಾಕ್ಟರು ಕೊಟ್ಟ ದಿನಕ್ಕೆ ಇನ್ನು ಒಂಬತ್ತೇ ದಿನ. “ಅಮ್ಮಾ, ನೀನು ಬರದೆ ನಾನು ಆಸ್ಪತ್ರೆ ಮೆಟ್ಟಿಲು ಹತ್ತಲ್ಲ.”

ಟಪಾಲಕ್ಕ ಕೂಡಲೇ ರಜೆಗೆ ಅರ್ಜಿ ಬರೆದಳು. ಕಾರಣ: ಮಗಳ ಡೆಲಿವರಿ. ಮಧ್ಯಾಹ್ನದೊಳಗೆ ಅದು ಷರಾ ಹೊತ್ತು ವಾಪಸು ಬಂತು: “ಸಾಮಾನ್ಯ ಪದ. ಕೊರಿಯರಿನವರೂ ಬಳಸುತ್ತಾರೆ.” ರಜೆಯಿಲ್ಲದೆ ಹೋದರೆ ಕೆಲಸ ಹೋಗುತ್ತದೆ. ಅವಳು ಉಗ್ರಾಣಕ್ಕೆ ಓಡಿದಳು.

“ಹೆರಿಗೆಯ ಉನ್ನತ ಪದ ಹೆಡ್ ಗುಮಾಸ್ತರ ಹತ್ರ ಇದೆಯಲ್ಲ ಅಕ್ಕ,” ಎಂದ ಉಗ್ರಾಣಿ.

“ಅವರ ಮನೇಲಿ ಯಾರಿಗಪ್ಪಾ ಹೆರಿಗೆ?”

“ಯಾರಿಗೂ ಇಲ್ಲ. ಉದ್ದ ಇದೆ ಅಂತ ತಗೊಂಡ್ರು. ಅರ್ಜೆಂಟಿದ್ರೆ ‘ಹೈಬರ್ನೇಷನ್’ ಕೊಡ್ಲಾ? ಹೊಚ್ಚ ಹೊಸದು, ಯಾರೂ ಮುಟ್ಟಿಲ್ಲ.”

“ಹಾಗಂದ್ರೆ?”

“ಕರಡಿ ಚಳಿಗಾಲವೆಲ್ಲ ಬಿದ್ಕೊಂಡಿರೋದು.”

“ಅದನ್ನ ಹೆಡ್ ಗುಮಾಸ್ತರಿಗೇ ಕೊಡು, ಒಪ್ಪುತ್ತೆ.”

ಹೆಡ್ ಗುಮಾಸ್ತರು ಕನ್ನಡಕ ಒರೆಸಿಕೊಳ್ಳುತ್ತ ವಿಷಾದ ವ್ಯಕ್ತಪಡಿಸಿದರು. “ಹೊಸ ಟ್ಯಾಂಕಿನ ಕಡತದಲ್ಲಿ ಬಳಕೆಯಲ್ಲಿದೆ, ಟಪಾಲಕ್ಕ. ಟ್ಯಾಂಕಿನ ಹೆರಿಗೆ ಸನ್ನಿಹಿತವಾಗಿದೆ ಅಂತ ಬರೆದಿದ್ದೀನಿ. ಟ್ಯಾಂಕ್ ಆದ ತಕ್ಷಣ ಕೊಡ್ತೀನಿ.”

ಟ್ಯಾಂಕು ಹನ್ನೊಂದು ವರ್ಷದಿಂದ ಸನ್ನಿಹಿತವಾಗಿತ್ತು. ಈವರೆಗೆ ಎದ್ದಿದ್ದ ನಾಲ್ಕು ಕಂಬಗಳಿಗೆ ಹಗ್ಗ ಕಟ್ಟಿ ಅಕ್ಕಪಕ್ಕದವರು ಬಟ್ಟೆ ಒಣಗಿಸುತ್ತಿದ್ದರು.

“ನನ್ನ ಮಗಳು ಟ್ಯಾಂಕ್ ಅಲ್ಲ ಸರ್,” ಎಂದಳು ಟಪಾಲಕ್ಕ. “ಒಂಬತ್ತು ತಿಂಗಳಿಗಿಂತ ಹೆಚ್ಚು ತಡೆಯಲ್ಲ.”

ಐದು ದಿನ ಹೀಗೇ ಅಲೆದಾಟದಲ್ಲಿ ಕಳೆಯಿತು. ಉಳಿದದ್ದು ನಾಲ್ಕು, ಅದರಲ್ಲಿ ರೈಲಿಗೇ ಎರಡು. ಟಪಾಲಕ್ಕ ಸೆರಗು ಸಿಕ್ಕಿಸಿ ಸಾಹೇಬರ ಕೋಣೆಗೇ ನುಗ್ಗಿದಳು.

“ನಿಯಮ ಮುರಿಯೋಕಾಗಲ್ಲಮ್ಮ,” ಎಂದರು ಸಾಹೇಬರು.

“ಮುರೀಬೇಡಿ ಸರ್. ಟ್ಯಾಂಕ್ ಮುಗಿಸಿಬಿಡಿ.”

ಸಾಹೇಬರು ಪೆನ್ನಿನ ತುದಿ ಕಚ್ಚಿದರು. ಇದು ಅವರಿಗೆ ಹೊಳೆದಿರಲಿಲ್ಲ. “ಎಷ್ಟು ಹೊತ್ತಾಗುತ್ತೆ?”

“ಟೈಪ್ ಮಾಡೋಕೆ ಹತ್ತು ನಿಮಿಷ ಸರ್.”

ಹನ್ನೊಂದು ವರ್ಷದ ಕಾಮಗಾರಿ ಹನ್ನೊಂದನೆಯ ನಿಮಿಷಕ್ಕೆ ಪೂರ್ಣಗೊಂಡಿತು. ಸಂಜೆಗೆ ಬಟ್ಟೆಗಳನ್ನು ತೆಗೆಸಿ ಅದೇ ಜಾಗದಲ್ಲಿ ರಿಬ್ಬನ್ ಕಟ್ಟಲಾಯಿತು. ಸಾಹೇಬರು ಕತ್ತರಿಸಿದರು, ನೆರೆಹೊರೆಯವರು ಚಪ್ಪಾಳೆ ತಟ್ಟಿ ಬಟ್ಟೆಗಳನ್ನು ಮತ್ತೆ ಹರವಿದರು. ಹೆಡ್ ಗುಮಾಸ್ತರು ಪದವನ್ನು ಕಡತದಲ್ಲಿ ಕಡೆಯ ಬಾರಿ ಬರೆದು ತುಂಬಿದ ಕಣ್ಣಿನಿಂದ ಉಗ್ರಾಣಕ್ಕೆ ಒಪ್ಪಿಸಿದರು. ಉಗ್ರಾಣಿ ಎಲ್ಲ ಅಕ್ಷರಗಳೂ ಇವೆಯೇ ಎಂದು ಎಣಿಸಿ ಟಪಾಲಕ್ಕನ ಸಹಿ ಪಡೆದ. ರಜೆ ಮಂಜೂರಾಯಿತು.

ಟ್ಯಾಂಕಿನಿಂದ ನೀರು ಬರುತ್ತಿಲ್ಲವೆಂದು ಇಂದಿನವರೆಗೂ ಒಂದು ದೂರೂ ದಾಖಲಾಗಿಲ್ಲ. ದೂರು ಪುಸ್ತಕದಲ್ಲಿ ಬರೆಯಲು ತಕ್ಕ ಉನ್ನತ ಪದ ಉಗ್ರಾಣಕ್ಕೆ ಇನ್ನೂ ಬಂದಿಲ್ಲ.

ಟಪಾಲಕ್ಕ ಆಸ್ಪತ್ರೆ ಮುಟ್ಟಿದ್ದು ಮೊಮ್ಮಗಳು ಹುಟ್ಟುವ ಮೂರು ಗಂಟೆ ಮುಂಚೆ. ಮಗಳು ಮೆಟ್ಟಿಲ ಬುಡದಲ್ಲೇ ಸೊಂಟ ಹಿಡಿದು ಕೂತಿದ್ದಳು. ಅಮ್ಮನನ್ನು ಕಂಡಮೇಲೆ ಎದ್ದಳು. ಆ ಕೂಸನ್ನು ಎತ್ತಿಕೊಂಡವಳಿಗೆ ಹುಟ್ಟೂರಿಗೆ ಮರಳಲು ಮನಸ್ಸಾಗಲಿಲ್ಲ. ಅಲ್ಲಿಂದಲೇ ಸ್ವಯಂನಿವೃತ್ತಿ ಬರೆದು ಕಳಿಸಿದಳು. ಪದದ ಚೀಟಿ ಸೀರೆಯ ಗಂಟಿನಲ್ಲಿದ್ದು, ಒಗೆತಕ್ಕೆ ಸಿಕ್ಕಿ ಹಿಟ್ಟಾಯಿತು.

ಈಗ ಕಚೇರಿಯಿಂದ ಕಾಗದ ಬಂದಿತ್ತು. ಮೊಮ್ಮಗಳು ಗಟ್ಟಿಯಾಗಿ ಓದಿದಳು: “ಸದರಿ ಪದವು ತಮ್ಮಲ್ಲೇ ಉಳಿದಿರುವ ಕಾರಣ ಕಚೇರಿಯಲ್ಲಿ ಹನ್ನೆರಡು ವರ್ಷಗಳಿಂದ ಯಾವುದೇ ಹೆರಿಗೆ ಮಂಜೂರಾಗಿಲ್ಲ. ಹಾಲಿ ಟಪಾಲು ಗುಮಾಸ್ತೆಗೆ ಎಂಟನೇ ತಿಂಗಳು. ಸದರಿ ಪದ ಯಾವುದೆಂದು ಇಲ್ಲಿ ಯಾರಿಗೂ ತಿಳಿದಿಲ್ಲವಾದ್ದರಿಂದ ಬೇರೆ ಪದ ಕಳಿಸಿದರೂ ನಮಗೆ ಗೊತ್ತಾಗುವುದಿಲ್ಲ. ಆದುದರಿಂದ ದಯವಿಟ್ಟು ಅದನ್ನೇ ಕಳಿಸುವುದು.”

“ಪಾಪ, ಎಂಟನೇ ತಿಂಗಳು,” ಎಂದು ಅಜ್ಜಿ ಕಣ್ಣು ಮುಚ್ಚಿದಳು. ಕುಂಟು ಮೇಜು, ಗೋಂದಿನ ವಾಸನೆ, ಚೀಟಿಯ ಮೇಲೆ ಬೆರಳಿಟ್ಟು ಅಕ್ಷರ ಎಣಿಸುತ್ತಿದ್ದ ಉಗ್ರಾಣಿ. ಅವನ ತುಟಿ ಅಲುಗಿತು.

“ಪಾರ್ಚುರಿಷನ್!”

“ನಮಗೂ ಒಂದು ಇಟ್ಕೊಳ್ಳೋಣ್ವಾ ಅಜ್ಜಿ?”

“ಛೆ, ಒಂದು ಪದ ಒಬ್ಬರಿಗೆ ಮಾತ್ರ ಅಂತ ನಿಯಮ. ಅಲ್ಲಿ ಆ ಹುಡುಗಿ ಕಾಯ್ತಾ ಇದ್ದಾಳೆ. ಪೆನ್ನು ತಗೋ ಕಂದ, ಮತ್ತೆ ಓಡಿಹೋಗೋ ಮುಂಚೆ ಬರಕೋ. ಚಿತ್ತು ಮಾಡಬೇಡ, ಸುಸ್ಥಿತಿಯಲ್ಲಿ ವಾಪಸ್ ಹೋಗಬೇಕು.”